ಬೆಕ್ಕಿಗೆ ಅಡುಗೆ ಮಾಡುವ ಮೊದಲು ಇಲಿಯನ್ನು ನೆನಪಿಸಿಕೊಳ್ಳಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಬೆಕ್ಕಿನ ಊಟದ್ದೇ. ನಾಯಿ, ಹಸು, ಗಿಣಿಗಳ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ, ಬರೆದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮ್ಮ ಬೆಕ್ಕಿಗೆ ಎರಡು ವರ್ಷ, ತೂಕ 4 ಕೆ.ಜಿ. ಅಂಗಡಿ ಆಹಾರಕ್ಕಿಂತ ಮನೆಯ ಊಟವೇ ಒಳ್ಳೆಯದು ಅಂತ ಏಳು ತಿಂಗಳಿಂದ ಕೋಳಿಯ ಎದೆ ಮಾಂಸ ಬೇಯಿಸಿ, ಆ ನೀರು ಚೆಲ್ಲಿ, ಸ್ವಲ್ಪ ಅನ್ನ ಕಲಸಿ ಕೊಡುತ್ತಿದ್ದೇನೆ. ಇಷ್ಟಪಟ್ಟು ತಿನ್ನುತ್ತದೆ. ಆದರೆ ಕೂದಲು ಮಂಕಾಗಿದೆ, ಮೊದಲಿನ ಹಾಗೆ ಬೀರುವಿನ ಮೇಲೆ ಹಾರುವುದೂ ಇಲ್ಲ. ಪೌಷ್ಟಿಕವಾದ ಊಟವನ್ನು ಮನೆಯಲ್ಲೇ ಮಾಡುವುದು ಹೇಗೆ?
– ಮೈಸೂರಿನ ಓದುಗರು

ಉತ್ತರ: ಅಡುಗೆ ವಿಷಯ ಆಮೇಲೆ. ಮೊದಲು ಈ ವಾರದಲ್ಲೇ ಬೆಕ್ಕನ್ನು ಪಶುವೈದ್ಯರಿಗೆ ತೋರಿಸಿ. ಏಳು ತಿಂಗಳಿಂದ ಏನು ಹಾಕುತ್ತಿದ್ದೀರಿ ಅಂತ ಬಿಡಿಸಿ ಹೇಳಿ, ಹೃದಯ ಮತ್ತು ಕಣ್ಣು ಎರಡನ್ನೂ ಪರೀಕ್ಷೆ ಮಾಡಲು ಕೇಳಿ. ಹಾರುವುದು ನಿಂತಿದೆ ಅಂದರೆ ಸುಮ್ನೆ ಬಿಡುವ ವಿಷಯ ಅಲ್ಲ, ಎರಡು ವರ್ಷದ ಬೆಕ್ಕು ಮನೆಯಿಡೀ ಹಾರಾಡಿಕೊಂಡಿರಬೇಕು.

ಈಗ ಊಟ. ಬೆಕ್ಕು ಹೊಲದಲ್ಲಿ ಇಲಿ ಹಿಡಿದರೆ ಏನು ಮಾಡುತ್ತದೆ ನೋಡಿ. ಎದೆಯ ಮಾಂಸ ಮಾತ್ರ ಆರಿಸಿ ತಿಂದು ಉಳಿದದ್ದನ್ನು ಬಿಟ್ಟು ಹೋಗುತ್ತದಾ? ಎಲುಬು, ರಕ್ತ, ಗುಂಡಿಗೆ, ಲಿವರ್, ಚರ್ಮದ ಕೆಳಗಿನ ಕೊಬ್ಬು ಎಲ್ಲ ಹೊಟ್ಟೆಗೆ ಹೋಗುತ್ತದೆ, ಬಾಲದ ತುದಿ ಉಳಿದರೆ ಹೆಚ್ಚು. ಸಾವಿರಾರು ವರ್ಷ ಹೀಗೇ ತಿಂದು ಬಂದ ಮೈ ಅದು. ನಮ್ಮ ಮೈ, ನಾಯಿಯ ಮೈ ಒಳಗೇ ತಯಾರಿಸಿಕೊಳ್ಳುವ ಎಷ್ಟೋ ವಸ್ತುಗಳನ್ನು ಬೆಕ್ಕಿನ ಮೈ ತಯಾರಿಸುವುದೇ ಇಲ್ಲ, ಯಾಕೆಂದರೆ ಇಲಿಯೊಳಗೆ ಅವು ಸಿದ್ಧವಾಗಿಯೇ ಸಿಗುತ್ತಿದ್ದವು. ಹಾಗಾಗಿ ನೀವು ಹಾಕುವ ತಟ್ಟೆ ಇಲಿಗೆ ಎಷ್ಟು ಹತ್ತಿರ ಇದೆ ಅನ್ನುವುದೇ ಮುಖ್ಯ. ಎದೆ ಮಾಂಸ ಮತ್ತು ಅನ್ನ ಬಹಳ ದೂರ ಇದೆ.

ಮೊದಲ ಕೊರತೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ಎಲುಬಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ, ಅಂದರೆ ಫಾಸ್ಫರಸ್, ಹದಿನೈದು ಇಪ್ಪತ್ತು ಪಟ್ಟು ಜಾಸ್ತಿ ಇರುತ್ತದೆ. ಬೆಕ್ಕಿಗೆ ಬೇಕಾದದ್ದು ಎರಡೂ ಹೆಚ್ಚುಕಡಿಮೆ ಸಮ. ರಕ್ತದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆಯಾದರೆ ಹೃದಯವೇ ಸರಿಯಾಗಿ ಬಡಿಯುವುದಿಲ್ಲ, ಆದ್ದರಿಂದ ಮೈ ಅದನ್ನು ತನ್ನ ಎಲುಬಿನಿಂದಲೇ ಕಿತ್ತು ಕೊಡುತ್ತಾ ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಐದು ತಿಂಗಳ ಬೂದು ಮರಿಯೊಂದನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಎತ್ತರದಿಂದ ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಸೋಫಾದಿಂದ ಕೆಳಗಿಳಿದಿದೆ, ಹಿಂಗಾಲು ಮುರಿದಿದೆ, ಅಷ್ಟೇ. ಬೆನ್ನ ಮೇಲೆ ಬೆರಳಿಟ್ಟರೆ ಕಿರುಚುತ್ತಿತ್ತು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರೆ ಎಲುಬು ಎಲ್ಲಿ ಮುಗಿಯಿತು, ಮಾಂಸ ಎಲ್ಲಿ ಶುರುವಾಯಿತು ಅಂತ ಹೇಳಲು ಕಷ್ಟವಾಗುವಷ್ಟು ಮಸುಕು. ಮನೆಯವರು ದಿನಾ ಮೂರು ಹೊತ್ತು ತಾಜಾ ಕೋಳಿ ಮಾಂಸ ಬೇಯಿಸಿ, ಕೈಯಾರೆ ಬಿಡಿಸಿ ತಿನ್ನಿಸಿದ್ದರು. ಆ ತಾಯಿ ಅತ್ತದ್ದು ಇನ್ನೂ ಕಣ್ಣ ಮುಂದಿದೆ. ಊಟ ಬದಲಾಯಿಸಿ, ವಾರಗಟ್ಟಲೆ ಬೋನಿನಲ್ಲಿ ಅಲ್ಲಾಡದ ಹಾಗೆ ಇಟ್ಟು ಮರಿಯನ್ನು ಉಳಿಸಿಕೊಂಡೆವು.

ಎರಡನೆಯದು ಟಾರಿನ್. ಇದು ಪ್ರಾಣಿಗಳ ಮಾಂಸಖಂಡದಲ್ಲಿ, ಅದರಲ್ಲೂ ಗುಂಡಿಗೆಯಲ್ಲಿ ಜಾಸ್ತಿ ಇರುವ ವಸ್ತು. ಇದು ಸಾಲದಿದ್ದರೆ ಬೆಕ್ಕಿನ ಕಣ್ಣಿನ ಒಳಪದರ ಹಾಳಾಗುತ್ತದೆ ಅಂತ 1970ರ ದಶಕದಲ್ಲೇ ಗೊತ್ತಾಗಿತ್ತು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಾಲ್ ಪಿಯಾನ್ ಮತ್ತು ಜೊತೆಗಾರರು ಬೆಕ್ಕುಗಳ ಹೃದಯ ಬಲೂನಿನ ಹಾಗೆ ಹಿಗ್ಗಿ ಸಾಯುವುದಕ್ಕೂ ಇದೇ ಕಾರಣ ಅಂತ ತೋರಿಸಿಕೊಟ್ಟರು. ಟಾರಿನ್ ಕೊಟ್ಟಾಗ ಎಷ್ಟೋ ಬೆಕ್ಕುಗಳ ಹೃದಯ ಸರಿಹೋಯಿತು. ಅಂಗಡಿಯ ಬೆಕ್ಕಿನ ಆಹಾರಕ್ಕೆ ಟಾರಿನ್ ಹೆಚ್ಚಿಸಿದ್ದು ಆಮೇಲೆ. ಕೋಳಿಯ ಎದೆ ಮಾಂಸದಲ್ಲಿ ಟಾರಿನ್ ಬಹಳ ಕಡಿಮೆ, ತೊಡೆಯ ಕೆಂಪು ಮಾಂಸದಲ್ಲಿ ಎಷ್ಟೋ ಜಾಸ್ತಿ. ಅದು ನೀರಿನಲ್ಲಿ ಕರಗುತ್ತದೆ ಕೂಡ. ನೀವು ಚೆಲ್ಲಿದ ಆ ನೀರಿನ ಜೊತೆ ಇದ್ದದ್ದೂ ಹೋಯಿತು.

ನಾನು ಹೇಳಿಕೊಡುವ ಅಡುಗೆ ಹೀಗಿದೆ. ಚರ್ಮ, ಎಲುಬು ತೆಗೆದ ಕೋಳಿ ತೊಡೆ ಮಾಂಸ 800 ಗ್ರಾಂ, ಕೋಳಿಯ ಗುಂಡಿಗೆ 100 ಗ್ರಾಂ, ಲಿವರ್ 50 ಗ್ರಾಂ, ಒಂದು ಮೊಟ್ಟೆ. ಗುಂಡಿಗೆ ಬೇಕು ಅಂತ ಕೋಳಿ ಅಂಗಡಿಯಲ್ಲಿ ಹೇಳಿಟ್ಟರೆ ತೆಗೆದಿಡುತ್ತಾರೆ, ಬೆಲೆಯೂ ಕಡಿಮೆ. ಲಿವರ್ ಮಾತ್ರ ಅಳತೆ ಮೀರಬೇಡಿ. ಕ್ಯಾರೆಟ್ಟಿನಿಂದ ವಿಟಮಿನ್ ಎ ಮಾಡಿಕೊಳ್ಳುವ ಶಕ್ತಿ ಬೆಕ್ಕಿಗೆ ಇಲ್ಲ, ಲಿವರ್‌ನಂಥ ಪ್ರಾಣಿಮೂಲದಿಂದಲೇ ಬರಬೇಕು, ಅದು ನಿಜ. ಆದರೆ ದಿನಾ ಲಿವರನ್ನೇ ತಿಂದ ಬೆಕ್ಕಿಗೆ ವಿಟಮಿನ್ ಎ ಅತಿಯಾಗಿ ಕುತ್ತಿಗೆಯ ಎಲುಬುಗಳು ಒಂದಕ್ಕೊಂದು ಅಂಟಿಕೊಂಡು ತಲೆ ತಿರುಗಿಸಲೂ ಆಗದ ಸ್ಥಿತಿ ಬರುತ್ತದೆ. ಎಲ್ಲವನ್ನೂ ಸಣ್ಣಗೆ ಹೆಚ್ಚಿ ಒಂದು ಲೋಟ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಒಳಗಿನ ಕೆಂಪು ಹೋಗುವವರೆಗೆ ಬೇಯಿಸಿ. ಉಪ್ಪು, ಅರಿಶಿನ, ಎಣ್ಣೆ ಏನೂ ಬೇಡ. ರಸವನ್ನು ಚೆಲ್ಲದೆ ಅದರಲ್ಲೇ ಕಲಸಿ.

ಎಲುಬಿನ ಬದಲಿಗೆ ಮೊಟ್ಟೆ ಚಿಪ್ಪು. ಚಿಪ್ಪನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಬಿಸಿಲಿಗೆ ಗರಿಗರಿ ಒಣಗಿಸಿ, ಮಿಕ್ಸಿಯ ಚಿಕ್ಕ ಜಾರಿನಲ್ಲಿ ಪುಡಿ ಮಾಡಿ ತೆಳು ಬಟ್ಟೆಯಲ್ಲಿ ಸೋಸಿ. ಎರಡು ಬೆರಳ ನಡುವೆ ಉಜ್ಜಿದರೆ ಮೈದಾ ಹಿಟ್ಟಿನ ಹಾಗೆ ಜಾರಬೇಕು, ಚಿರೋಟಿ ರವೆಯ ಹಾಗೆ ತಾಗಿದರೂ ಇನ್ನೊಂದು ಸುತ್ತು ತಿರುವಿ. ಒಂದು ಮೊಟ್ಟೆಯ ಚಿಪ್ಪಿನಿಂದ ಸುಮಾರು ಒಂದು ಟೀ ಚಮಚ ಪುಡಿ ಬರುತ್ತದೆ. ಸುಮಾರು ಒಂದು ಕಿಲೋ ಮಾಂಸಕ್ಕೆ ಅಷ್ಟೇ ಬೇಕು. ಒಂದು ಕಿಲೋ, ಒಂದು ಮೊಟ್ಟೆ, ಒಂದು ಚಿಪ್ಪು ಅಂತ ನೆನಪಿಟ್ಟುಕೊಳ್ಳಿ. ಬೇಯಿಸಿದ ಕೋಳಿ ಎಲುಬನ್ನು ಮಾತ್ರ ಎಂದೂ ಹಾಕಬೇಡಿ, ಅದು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಅಡುಗೆ ಪೂರ್ತಿ ಆರಿದ ಮೇಲೆ ಟಾರಿನ್ ಪುಡಿ ಸೇರಿಸಿ, ಇಡೀ ಪಾತ್ರೆಗೆ 2000 ಮಿಲಿಗ್ರಾಂ. ಇದು ಬೇರೇನೂ ಬೆರೆಸದ ಶುದ್ಧ ಟಾರಿನ್ ಆಗಿರಬೇಕು. ಇಷ್ಟಾದರೂ ವಿಟಮಿನ್ ಡಿ, ವಿಟಮಿನ್ ಇ, ಬಿ1, ಅಯೋಡಿನ್, ಸತು ಇವೆಲ್ಲ ಕಡಿಮೆ ಬೀಳುತ್ತವೆ. ಇಲ್ಲಿ ನಾನು ಖಡಾಖಂಡಿತವಾಗಿ ಹೇಳಬೇಕು: ವಾರಕ್ಕೆ ಒಂದೆರಡು ಹೊತ್ತು ಕೊಡುವುದಾದರೆ ಈ ಅಡುಗೆ ಸಾಕು. ದಿನಾ ಇದೇ ಊಟ ಅಂದರೆ ಬೆಕ್ಕಿನ ಮನೆಯಡುಗೆಗೆಂದೇ ತಯಾರಾದ ವಿಟಮಿನ್ ಮತ್ತು ಖನಿಜದ ಪುಡಿಯನ್ನು ನಿಮ್ಮ ವೈದ್ಯರಿಂದ ಬರೆಸಿಕೊಳ್ಳಲೇಬೇಕು. ಮನುಷ್ಯರ ಮಲ್ಟಿವಿಟಮಿನ್ ಮಾತ್ರೆ ಅರ್ಧ ಮಾಡಿ ಹಾಕುವುದು ಬೇಡ. ಆ ಪುಡಿಯಲ್ಲೇ ಕ್ಯಾಲ್ಸಿಯಂ, ಟಾರಿನ್ ಇದ್ದರೆ ಚಿಪ್ಪಿನ ಪುಡಿ, ಟಾರಿನ್ ಎರಡನೇ ಸಲ ಹಾಕಬೇಡಿ. 2019ರಲ್ಲಿ ಅದೇ ಡೇವಿಸ್ ಕೇಂದ್ರದವರು ಪುಸ್ತಕ ಮತ್ತು ಇಂಟರ್ನೆಟ್ಟಿನಲ್ಲಿರುವ ನೂರಕ್ಕೂ ಹೆಚ್ಚು ಬೆಕ್ಕಿನ ಅಡುಗೆಗಳನ್ನು ಲೆಕ್ಕ ಹಾಕಿ ನೋಡಿದರು, ಬೇಕಾದ ಎಲ್ಲ ಅಂಶ ಇದ್ದ ಅಡುಗೆ ಒಂದೂ ಸಿಗಲಿಲ್ಲ. ಹಾಗಾಗಿ ಯಾರೋ ವಿಡಿಯೊದಲ್ಲಿ ತೋರಿಸಿದ್ದನ್ನು, ನಾನು ಇಲ್ಲಿ ಬರೆದದ್ದನ್ನೂ ಸೇರಿಸಿ, ನಿಮ್ಮ ವೈದ್ಯರಿಗೆ ತೋರಿಸಿಯೇ ಶುರು ಮಾಡಿ.

4 ಕಿಲೋ ಬೆಕ್ಕಿಗೆ ದಿನಕ್ಕೆ 150ರಿಂದ 180 ಗ್ರಾಂ ಸಾಕು, ಎರಡು ಮೂರು ಹೊತ್ತಿಗೆ ಹಂಚಿ. ಎರಡು ದಿನದ್ದು ಫ್ರಿಜ್ಜಿನಲ್ಲಿ, ಉಳಿದದ್ದು ಸಣ್ಣ ಡಬ್ಬಿಗಳಲ್ಲಿ ಫ್ರೀಜರಿನಲ್ಲಿ. ಕರೆಂಟು ಹೋಗಿ ಕರಗಿದರೆ ಮತ್ತೆ ಗಟ್ಟಿ ಮಾಡಬೇಡಿ. ಅನ್ನ? ಬೆಕ್ಕಿಗೆ ಅದರ ಅಗತ್ಯವೇ ಇಲ್ಲ. ಒಂದು ಚಮಚ ಇದ್ದರೆ ನಷ್ಟವೂ ಇಲ್ಲ.

ಪ್ರಶ್ನೆ: ನಮ್ಮಲ್ಲಿ ಮೀನಿಗೆ ಬರವಿಲ್ಲ. ಬೂತಾಯಿ, ಬಂಗುಡೆ ತೊಳೆಯುವಾಗ ತಲೆ, ಕರುಳು ಹಸಿಯಾಗಿಯೇ ಬೆಕ್ಕಿಗೆ ಹಾಕುತ್ತೇವೆ. ಮಳೆಗಾಲದಲ್ಲಿ ಒಣ ಮೀನು. ಬೇರೆ ಏನೂ ಮೂಸುವುದಿಲ್ಲ. ಇದು ಸಾಕಲ್ವಾ?
– ಕುಂದಾಪುರದ ಓದುಗರು

ಉತ್ತರ: ಸಾಲದು, ಮತ್ತು ಹಸಿ ಮೀನು ಇವತ್ತೇ ನಿಲ್ಲಿಸಿ. ಬೂತಾಯಿಯಂಥ ಕೆಲವು ಮೀನುಗಳ ಹಸಿ ಮಾಂಸದಲ್ಲಿ, ಅದರಲ್ಲೂ ಕರುಳಿನಲ್ಲಿ, ವಿಟಮಿನ್ ಬಿ1 ಅನ್ನು ಒಡೆದು ಹಾಕುವ ಕಿಣ್ವ ಇರುತ್ತದೆ. ವಾರಗಟ್ಟಲೆ ಅದನ್ನೇ ತಿಂದ ಬೆಕ್ಕು ಮೊದಲು ಊಟ ಬಿಡುತ್ತದೆ, ಆಮೇಲೆ ತಲೆ ಎತ್ತಲಾಗದೆ ಗದ್ದವನ್ನು ಎದೆಗೆ ಒತ್ತಿಕೊಂಡು ತೂರಾಡುತ್ತದೆ, ಕೊನೆಗೆ ಫಿಟ್ಸ್ ಬರುತ್ತದೆ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಇಷ್ಟು ಸುಲಭದ ಪರಿಹಾರ ಇರುವ ಕಾಯಿಲೆಗೆ ಬೆಕ್ಕು ಬಲಿಯಾಗಬಾರದು.

ಎಣ್ಣೆ ಮೀನನ್ನೇ ದಿನಾ ಕೊಟ್ಟರೆ ಇನ್ನೊಂದು ತೊಂದರೆ ಇದೆ. ವಿಟಮಿನ್ ಇ ಸಾಲದೆ ಚರ್ಮದ ಕೆಳಗಿನ ಕೊಬ್ಬು ಹಳದಿಯಾಗಿ, ಗಂಟು ಗಂಟಾಗಿ ಉರಿಯೂತ ಬರುತ್ತದೆ. ಮುದ್ದು ಮಾಡಿಸಿಕೊಳ್ಳುತ್ತಿದ್ದ ಬೆಕ್ಕು ಹೊಟ್ಟೆ ಮುಟ್ಟಿದ ಕೂಡಲೇ ಹಲ್ಲು ತೋರಿಸಿದರೆ, ಜ್ವರ ಇದ್ದರೆ, ತಡ ಮಾಡದೆ ತೋರಿಸಿ.

ಮೀನು ಬಿಡಿ ಅಂತ ನಾನು ಹೇಳುತ್ತಿಲ್ಲ. ವಾರಕ್ಕೆ ಎರಡು ದಿನ ಕೊಡಿ, ಉಳಿದ ದಿನ ಮೈಸೂರಿನವರಿಗೆ ಹೇಳಿದ ಹಾಗೆ ಪುಡಿಗಳನ್ನೂ ಸೇರಿಸಿದ ಕೋಳಿ, ಮೊಟ್ಟೆಯ ಅಡುಗೆ. ಸಣ್ಣ ಬೂತಾಯಿಯ ತಲೆ, ಕರುಳು ತೆಗೆದು ಕುಕ್ಕರಿನಲ್ಲಿ ಸ್ವಲ್ಪ ನೀರಿಟ್ಟು ನಾಲ್ಕೈದು ಸೀಟಿ ಜಾಸ್ತಿಯೇ ಕೂಗಿಸಿ, ಆಮೇಲೆ ನಡುಮುಳ್ಳನ್ನು ಬೆರಳಲ್ಲಿ ಒತ್ತಿ ನೋಡಿ. ಸೀಮೆಸುಣ್ಣದ ಹಾಗೆ ಪುಡಿಯಾದರೆ ಅದನ್ನೂ ಕಿವುಚಿ ಕೊಡಬಹುದು, ಅದೇ ಕ್ಯಾಲ್ಸಿಯಂ. ಪುಡಿಯಾಗದ ಮುಳ್ಳನ್ನೆಲ್ಲ ತೆಗೆದುಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗಿಳಿಯದೆ ತಾಜಾ ಮೀನು ಕಡಿಮೆ, ಒಣ ಮೀನಿಗೆ ಕೈ ಹೋಗುವುದು ಸಹಜ. ಆದರೆ ಅದರಲ್ಲಿ ಇರುವ ಉಪ್ಪು ಬೆಕ್ಕಿಗೆ ತೀರಾ ಜಾಸ್ತಿ. ಆ ಎರಡು ತಿಂಗಳನ್ನು ಕೋಳಿಯ ಊಟ ಅಭ್ಯಾಸ ಮಾಡಿಸಲು ಬಳಸಿಕೊಳ್ಳಿ. ಮೊದಮೊದಲು ಬೇಯಿಸಿದ ಮೀನಿನ ರಸವನ್ನು ಮೇಲೆ ಚಿಮುಕಿಸಿದರೆ ವಾಸನೆಗೆ ಬರುತ್ತದೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಹಿತ್ತಲಿನಲ್ಲಿ ಸಿಕ್ಕ ಬೆಕ್ಕು ಈಗ ಮನೆಯ ಮಗಳಾಗಿದೆ. ಮೊಸರನ್ನ, ಹಾಲು ಚಪಾತಿ ತಿನ್ನುತ್ತದೆ. ಪನೀರ್, ಸೋಯಾ ಸೇರಿಸಿದರೆ ಸಾಕಾಗುತ್ತದೆಯೇ? ಮನೆಯಲ್ಲಿ ಮಾಂಸ ಬೇಯಿಸಲು ನಮ್ಮಿಂದ ಆಗದು.
– ಧಾರವಾಡದ ಓದುಗರು

ಉತ್ತರ: ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ನಾನೂ ಅಂಥದೇ ಮನೆಯಲ್ಲಿ ಬೆಳೆದವಳು. ನಮ್ಮ ಅಜ್ಜಿಯ ಕಾಲದ ಬೆಕ್ಕು ಮೊಸರನ್ನ ತಿಂದೇ ಬದುಕಿತು ಅಂತ ಎಲ್ಲರೂ ಹೇಳುತ್ತಾರೆ. ಅದು ರಾತ್ರಿಯಿಡೀ ಕಣಜದ ಸುತ್ತ ಇಲಿ, ಹಲ್ಲಿ, ಜಿರಲೆ ಹಿಡಿದು ತಿನ್ನುತ್ತಿತ್ತು, ನಾವು ನೋಡಿರಲಿಲ್ಲ. ಬಾಗಿಲು ಹಾಕಿದ ಮನೆಯಲ್ಲಿ ಇರುವ ಬೆಕ್ಕಿಗೆ ಆ ದಾರಿ ಇಲ್ಲ. ಪನೀರ್, ಸೋಯಾ ಎರಡರಲ್ಲೂ ಪ್ರೋಟೀನ್ ಇದೆ. ಬೆಕ್ಕಿಗೆ ಸಾಲುವಷ್ಟು ಟಾರಿನ್ ಇಲ್ಲ, ಅರಾಕಿಡೋನಿಕ್ ಆಮ್ಲ ಅನ್ನುವ ಕೊಬ್ಬಿನ ಅಂಶವೂ ಸಾಲದು, ಇದು ಪ್ರಾಣಿಯ ಕೊಬ್ಬಿನಿಂದಲೇ ಬರಬೇಕು. ಮೊಟ್ಟೆ ಬೇಯಿಸಲು ಒಪ್ಪಿದರೆ ಒಳ್ಳೆಯದೇ, ಆದರೆ ಮೊಟ್ಟೆಯೊಂದೇ ಊಟ ಆಗುವುದಿಲ್ಲ.

ನಿಮಗೆ ನಾನು ಹೇಳುವ ದಾರಿ ಪ್ಯಾಕೆಟ್ ಆಹಾರ. ಬೇಯಿಸುವ ಕೆಲಸ ಇಲ್ಲ, ಬೇರೆ ತಟ್ಟೆ, ಬೇರೆ ಚಮಚ, ಹೊರಗಿನ ನಲ್ಲಿಯಲ್ಲಿ ತೊಳೆದಿಟ್ಟರೆ ಆಯಿತು. ಪ್ಯಾಕೆಟ್ಟಿನ ಮೇಲೆ ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ ಅಂತ ಇರಬೇಕು. ‘ಕಾಂಪ್ಲಿಮೆಂಟರಿ’ ಅಥವಾ ‘ಟ್ರೀಟ್’ ಅಂತ ಇದ್ದರೆ ಅದು ತಿಂಡಿ ಮಾತ್ರ. ನಾಯಿಯ ಆಹಾರ ತರಬೇಡಿ, ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರಬೇಕೆಂಬ ನಿಯಮ ಇಲ್ಲ. ಇದೂ ಆಗದು ಅನ್ನಿಸಿದರೆ ಆ ಮಗಳನ್ನು ಮಾಂಸ ಬೇಯಿಸುವ ಮನೆಯೊಂದಕ್ಕೆ ಕೊಡುವುದೂ ಪ್ರೀತಿಯೇ.

ಪ್ರಶ್ನೆ: ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ ಅಲ್ವಾ? ಕೋಳಿ ಮಾಂಸಕ್ಕೆ ರಾಗಿ ಗಂಜಿ ಸೇರಿಸಿ ಕೊಡುತ್ತಿದ್ದೇನೆ, ಚಿಪ್ಪಿನ ಪುಡಿ ಯಾಕೆ?
– ಮಂಡ್ಯದ ಓದುಗರು

ಉತ್ತರ: ಮನುಷ್ಯರಿಗೆ ರಾಗಿಯಷ್ಟು ಒಳ್ಳೆಯ ಧಾನ್ಯ ಇಲ್ಲ. ಬೆಕ್ಕಿನ ಲೆಕ್ಕದಲ್ಲಿ ನೋಡಿ: 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ. ಒಂದೇ ಒಂದು ಗ್ರಾಂ ಚಿಪ್ಪಿನ ಪುಡಿಯಲ್ಲಿ ಅದಕ್ಕಿಂತ ತುಸು ಜಾಸ್ತಿ ಇದೆ. ಮೇಲಿನ ಒಂದು ಕಿಲೋ ಅಡುಗೆಗೆ ಬೇಕಾದಷ್ಟು ಕ್ಯಾಲ್ಸಿಯಂ ರಾಗಿಯಿಂದ ಬರಬೇಕಾದರೆ ಅರ್ಧ ಕಿಲೋಗಿಂತ ಹೆಚ್ಚು ಹಿಟ್ಟು ಬೆರೆಸಬೇಕು, ಆಗ ಅದು ಮಾಂಸದ ಊಟವಾಗಿ ಉಳಿಯುವುದಿಲ್ಲ. ರಾಗಿಯಲ್ಲಿ ರಂಜಕವೂ ಇದೆ, ಅದನ್ನು ಸರಿದೂಗಿಸಲು ಮತ್ತಷ್ಟು ಕ್ಯಾಲ್ಸಿಯಂ ಬೇಕು.

ಪ್ರಶ್ನೆ: ಭಾನುವಾರದ ಬಿರಿಯಾನಿಯ ಕೋಳಿ ತುಂಡನ್ನು ಚೆನ್ನಾಗಿ ತೊಳೆದು ಕೊಟ್ಟರೆ ಆಗುತ್ತದಾ?
– ಬೆಂಗಳೂರಿನ ಓದುಗರು

ಉತ್ತರ: ಬೇಡ. ಈರುಳ್ಳಿ, ಬೆಳ್ಳುಳ್ಳಿಯ ಸಾರ ಮಾಂಸದ ಒಳಗೆ ಇಳಿದಿರುತ್ತದೆ, ತೊಳೆದರೆ ಹೋಗುವುದಿಲ್ಲ. ಅದು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮಸಾಲೆ ಹಾಕುವ ಮೊದಲೇ ಎರಡು ತುಂಡು ತೆಗೆದು ಬೇರೆ ಬೇಯಿಸಿ.

ಪ್ರಶ್ನೆ: ತಾಯಿ ಇಲ್ಲದ ಎರಡು ಮರಿಗಳು ಸಿಕ್ಕಿವೆ, ಈಗಷ್ಟೇ ಕಣ್ಣು ಬಿಟ್ಟಿವೆ. ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸುತ್ತಿದ್ದೇನೆ. ಭೇದಿ ನಿಲ್ಲುತ್ತಿಲ್ಲ.
– ಹಾಸನದ ಓದುಗರು

ಉತ್ತರ: ನಮ್ಮ ಗಾದೆಯಲ್ಲಿ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ, ತೆನಾಲಿ ರಾಮಕೃಷ್ಣನ ಕತೆಯಲ್ಲೂ ಬೆಕ್ಕಿಗೆ ಹಾಲೇ. ಹಾಗಾಗಿ ಬೆಕ್ಕು ಅಂದ ಕೂಡಲೇ ಹಾಲಿನ ಬಟ್ಟಲು ನೆನಪಾಗುತ್ತದೆ. ತಾಯಿ ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಹಸುವಿನ ಹಾಲಿಗಿಂತ ಎಷ್ಟೋ ಜಾಸ್ತಿ. ಹಸುವಿನ ಹಾಲಿಗೆ ಮತ್ತೆ ನೀರು ಬೆರೆಸಿದರೆ ಮರಿಯ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸಿಗುವುದಿಲ್ಲ. ಬೆಕ್ಕಿನ ಮರಿಗಳಿಗೆಂದೇ ಇರುವ ಹಾಲಿನ ಪುಡಿ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನೇ ತನ್ನಿ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಎದ್ದು ಕೊಡಬೇಕು. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗೆ ಮಾಡಿ, ತಾಯಿಯ ಮಡಿಲಲ್ಲಿ ಮಲಗಿದ ಹಾಗೆ ಇಟ್ಟು ಕುಡಿಸಿ. ಮೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ಕುಡಿಸಿದ ಮೇಲೆ ಬೆಚ್ಚನೆಯ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಸವರಿದರೆ ಮಾತ್ರ ಉಚ್ಚೆ, ಕಕ್ಕ ಮಾಡುತ್ತವೆ. ನಾಲ್ಕನೇ ವಾರದಿಂದ ಮೆತ್ತಗಿನ ಊಟ ನೆಕ್ಕಿಸಬಹುದು. ಭೇದಿ ಇರುವುದರಿಂದ ಇಂದೇ ವೈದ್ಯರಿಗೆ ತೋರಿಸಿ, ಇಷ್ಟು ಸಣ್ಣ ಮೈಯಿಂದ ನೀರು ಹೋದರೆ ಒಂದು ದಿನವೂ ತಡೆಯದು.

ಪ್ರಶ್ನೆ: ನಮ್ಮ ಗಂಡು ಬೆಕ್ಕು ಡ್ರೈ ಫುಡ್ ಮಾತ್ರ ತಿನ್ನುತ್ತದೆ. ನಮ್ಮ ಊರಿನ ಬೇಸಿಗೆಯಲ್ಲೂ ನೀರು ಮುಟ್ಟುವುದು ಕಡಿಮೆ. ಮನೆಯೂಟ ಸೇರಿಸಬಹುದೇ?
– ಕಲಬುರಗಿಯ ಓದುಗರು

ಉತ್ತರ: ಖಂಡಿತ ಸೇರಿಸಿ. ಬೆಕ್ಕಿನ ಮೂಲ ಮರುಭೂಮಿಯ ಕಡೆಯದು, ಬಾಯಾರಿಕೆ ಅದಕ್ಕೆ ಬೇಗ ಗೊತ್ತಾಗುವುದಿಲ್ಲ. ಇಲಿಯ ಮೈಯಲ್ಲಿ ಮೂರರಲ್ಲಿ ಎರಡು ಪಾಲು ನೀರು, ಅದರಿಂದಲೇ ಅದರ ದಾಹ ತೀರುತ್ತಿತ್ತು. ಒಣ ಕಾಳಿನಲ್ಲಿ ನೀರು ಹತ್ತರಲ್ಲಿ ಒಂದು ಪಾಲು. ದಿನದ ಊಟದ ಹತ್ತರಲ್ಲಿ ಒಂದು ಪಾಲಿನಷ್ಟು ಬೇಯಿಸಿದ ಕೋಳಿ ಮತ್ತು ಅದರ ರಸ ಕೊಟ್ಟರೆ ಬೇರೆ ಲೆಕ್ಕ ಬೇಡ, ಅದಕ್ಕಿಂತ ಜಾಸ್ತಿ ಕೊಡುವುದಾದರೆ ಮೈಸೂರಿನವರಿಗೆ ಹೇಳಿದ ಹಾಗೆ ಪೂರ್ತಿ ಅಡುಗೆಯೇ ಆಗಬೇಕು. ನೀರಿನ ಬಟ್ಟಲು ಅಗಲವಾಗಿರಲಿ, ಊಟದ ತಟ್ಟೆಯಿಂದ ದೂರ ಇರಲಿ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕುತ್ತಿದೆ, ಉಚ್ಚೆ ಬರುತ್ತಿಲ್ಲ ಅಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಮೂತ್ರನಾಳ ಕಟ್ಟಿಕೊಂಡ ಬೆಕ್ಕು ಒಂದೆರಡು ದಿನದಲ್ಲಿ ಸಾಯುತ್ತದೆ. ನಡುರಾತ್ರಿಯಾದರೂ ಎತ್ತಿಕೊಂಡು ಓಡಿ.

ಪ್ರಶ್ನೆ: ಪ್ಯಾಕೆಟ್ ಆಹಾರ ನಿಲ್ಲಿಸಿ ಮನೆಯೂಟ ಶುರು ಮಾಡಿದೆವು. ಮೂರು ದಿನದಿಂದ ಏನೂ ತಿಂದಿಲ್ಲ. ಹಸಿದರೆ ತಾನೇ ತಿನ್ನುತ್ತದೆ ಅಂತ ಮನೆಯ ಹಿರಿಯರು ಹೇಳುತ್ತಾರೆ. ಬೆಕ್ಕು ದಪ್ಪಗೇ ಇದೆ, ತೂಕ 6 ಕೆ.ಜಿ.
– ಶಿವಮೊಗ್ಗದ ಓದುಗರು

ಉತ್ತರ: ಇವರಿಗೆ ಪತ್ರ ಓದಿದ ದಿನವೇ ಫೋನಿನಲ್ಲಿ ಉತ್ತರ ಹೇಳಿದ್ದೇನೆ. ಬೇರೆಯವರಿಗೂ ಗೊತ್ತಿರಲಿ ಅಂತ ಇಲ್ಲಿ ಹಾಕುತ್ತಿದ್ದೇನೆ. ನಾಯಿಗೆ ಒಂದೆರಡು ದಿನದ ಉಪವಾಸ ತಡೆಯುತ್ತದೆ. ಬೆಕ್ಕಿಗೆ, ಅದರಲ್ಲೂ ದಪ್ಪ ಬೆಕ್ಕಿಗೆ, ಎರಡು ಮೂರು ದಿನ ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಕರಗಿ ಲಿವರ್‌ಗೆ ಬಂದು ತುಂಬಿಕೊಳ್ಳುತ್ತದೆ, ಲಿವರ್ ಕೆಲಸ ನಿಲ್ಲಿಸುತ್ತದೆ. ಆಮೇಲೆ ಹಸಿವೇ ಆಗುವುದಿಲ್ಲ. ಕಿವಿಯ ಒಳಭಾಗ, ಒಸಡು ಹಳದಿ ಕಂಡರೆ ಆಗಲೇ ತಡವಾಗಿದೆ ಅಂತ ಅರ್ಥ. ಬೆಕ್ಕು ಒಂದು ಪೂರ್ತಿ ದಿನ ಏನೂ ತಿನ್ನದಿದ್ದರೆ ಹಳೆಯ ಊಟವನ್ನೇ ಹಾಕಿ. ಅದನ್ನೂ ಬಿಟ್ಟರೆ ವೈದ್ಯರ ಹತ್ತಿರ ಹೋಗಿ. ಜ್ವರ ಇರಬಹುದು ಅಂತ ಮನೆಯ ಪ್ಯಾರಸಿಟಮಾಲ್ ಕೊಡಬೇಡಿ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ.

ಊಟ ಬದಲಾಯಿಸಲು ಹತ್ತು ಹನ್ನೆರಡು ದಿನ ಬೇಕು. ಮೊದಲ ಮೂರು ದಿನ ಹಳೆಯ ಊಟದ ಪಕ್ಕದಲ್ಲಿ ಒಂದು ಚಮಚ ಹೊಸದು, ಬೆರೆಸದೆ. ಮೂಸಿ ನೋಡಿ ನೆಕ್ಕಲು ಶುರು ಮಾಡಿದ ಮೇಲೆ ಕಾಲು ಭಾಗ ಬೆರೆಸಿ, ಆಮೇಲೆ ಅರ್ಧ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಊಟ ಬೆಕ್ಕಿಗೆ ವಾಸನೆಯೇ ಬರುವುದಿಲ್ಲ, ಬಿಸಿ ನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟು, ಆಗ ತಾನೇ ಹಿಡಿದ ಇಲಿಯಷ್ಟು ಬೆಚ್ಚಗೆ ಮಾಡಿ ಕೊಡಿ.